'ಪ್ರಿಪೋನ್' ತಪ್ಪು ಪದವಲ್ಲ

'ಪ್ರಿಪೋನ್ ಭಾರತೀಯರ ಕೆಟ್ಟ ಇಂಗ್ಲಿಷ್, ಅದನ್ನು ಕೈಬಿಡಬೇಕು' ಎಂಬ ವಾದವನ್ನು ಒಪ್ಪಲಾಗದು. ಲ್ಯಾಟಿನ್ನಿನಲ್ಲಿ 'ಪೊನೆರೆ' ಎಂದರೆ ಇಡುವುದು. 'ಪೋಸ್ಟ್' ಎಂದರೆ ನಂತರ, 'ಪ್ರೇ' ಎಂದರೆ ಮೊದಲು. ಪೋಸ್ಟ್‌ಪೋನ್ ಸರಿಯಾದರೆ ಪ್ರಿಪೋನ್ ಹೇಗೆ ತಪ್ಪಾದೀತು? 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಪತ್ರವೊಂದು ಈ ಕ್ರಿಯಾಪದವನ್ನು ಪೋಸ್ಟ್‌ಪೋನ್‌ಗೆ ಎದುರಾಗಿ ಮುಂದಿಟ್ಟಿತ್ತು. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದಕ್ಕೆ ಜಾಗವಿದೆ.

ಬುಧವಾರದ ಸಭೆ ಎರಡು ದಿನ 'ಮೂವ್ಡ್ ಫಾರ್ವರ್ಡ್' ಎಂದರೆ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. 'ಪ್ರಿಪೋನ್ಡ್' ಎಂದರೆ ಸೋಮವಾರವೇ, ಅನುಮಾನವಿಲ್ಲ.

ಆದರೆ ನಿಗದಿಯಾದ ಸಮಯವನ್ನು ಬದಲಿಸುವಾಗಷ್ಟೇ ಇದನ್ನು ಬಳಸಬೇಕು. 'ಕೆಲಸ ಬೇಗ ಮುಗಿಸು' ಎನ್ನಲು ಇದು ಸಲ್ಲದು. ಇಷ್ಟು ಸ್ಪಷ್ಟವಾದ ಪದವನ್ನು ಲಂಡನ್ನಿನವರು ಆಡುವುದಿಲ್ಲವೆಂದು ತಳ್ಳಿಹಾಕುವುದಕ್ಕೆ ಭಾಷಾಶುದ್ಧಿ ಎನ್ನಲಾಗದು. ಅದು ಬರೀ ಕೀಳರಿಮೆ.