ಕಾಕುವಿಗೊಂದು ಮುಖ

“ಬಹಳ ಚೆನ್ನಾಗಿ ಆಡಿದೆಯಪ್ಪ!” ಎಂಬುದು ಹೊಗಳಿಕೆಯೋ ಕುಹಕವೋ? ದನಿಯನ್ನು ಕೇಳಿದವನಿಗೆ ಸಂದೇಹವಿರದು. ದನಿಯ ಈ ತಿರುವನ್ನೇ ನಮ್ಮ ಆಲಂಕಾರಿಕರು ಕಾಕು ಎಂದು ಕರೆದರು. ಬರೆಹಕ್ಕಾದರೋ ದನಿಯಿಲ್ಲ. ಪ್ರಶ್ನೆಗೂ ಬೆರಗಿಗೂ ಚಿಹ್ನೆಗಳಿವೆ, ಕುಹಕಕ್ಕೆ ಇಲ್ಲ. ತರಗತಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ವಿದ್ಯಾರ್ಥಿಯೊಬ್ಬನು ಎದ್ದು, “ನಮ್ಮಲ್ಲಿ ಇದೆ, ಸಾರ್. ಅದರ ಹೆಸರು ಕಪ್ಪಾ” ಎಂದನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ವಿಚಾರಿಸಿ ನೋಡಿದಾಗ, ಅವನ ಮಾತಿನಲ್ಲಿ ತಥ್ಯವಿದೆಯೆಂದು ತೋರಿತು.

ಟ್ವಿಚ್ ಎಂಬುದು 2011ರಲ್ಲಿ ಅಮೆರಿಕದಲ್ಲಿ ಹುಟ್ಟಿ, 2014ರಲ್ಲಿ ಅಮೆಜಾನ್ ಸಂಸ್ಥೆಯ ವಶವಾದ ನೇರಪ್ರಸಾರದ ವೇದಿಕೆ. ಅಲ್ಲಿ ಒಬ್ಬನು ವಿಡಿಯೋ ಆಟವಾಡುತ್ತಾನೆ. ಸಾವಿರಾರು ಮಂದಿ ನೋಡುತ್ತಾರೆ. ಪಕ್ಕದಲ್ಲಿ ಅವರ ಮಾತುಗಳು ಸಾಲುಸಾಲಾಗಿ ಮೇಲಕ್ಕೆ ಸರಿದುಹೋಗುತ್ತವೆ. ಜನ ಹೆಚ್ಚಿದಾಗ ಆ ಸಾಲುಗಳನ್ನು ಓದಲು ಕಣ್ಣಿಗೆ ಬಿಡುವಿರದು. ಆಗ ವಾಕ್ಯದ ಕೆಲಸವನ್ನು ‘ಇಮೋಟ್’ ಎಂಬ ಪುಟ್ಟ ಚಿತ್ರ ವಹಿಸಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕಪ್ಪಾ ಎಂದು ಬರೆದು ಕಳುಹಿಸಿದರೆ, ಅಕ್ಷರಗಳು ಮರೆಯಾಗಿ, ತುಟಿಯಂಚಿನಲ್ಲಿ ನಗುವ ಕಪ್ಪುಬಿಳುಪಿನ ಮುಖವೊಂದು ಮೂಡುತ್ತದೆ. ಅದು ಟ್ವಿಚ್‌ಗೆ ಮೂಲವಾದ ಜಸ್ಟಿನ್ ಟಿವಿಯ ನೌಕರನೊಬ್ಬನ ಮುಖ. ಹೆಸರು ಜಪಾನಿನ ಜನಪದ ಕಥೆಗಳ ಜಲಭೂತದ್ದು. ವಾಕ್ಯದ ಕೊನೆಯಲ್ಲಿ ಅದು ಬಂದರೆ, ಹೇಳಿದ್ದನ್ನು ತಿರುಗಿಸಿ ಅರ್ಥಮಾಡಿಕೊಳ್ಳಬೇಕೆಂಬುದನ್ನು ಅಲ್ಲಿನವರೆಲ್ಲ ಬಲ್ಲರು. ಕಾಕುವಿಗೆ ಕಡೆಗೂ ಒಂದು ಲಿಪಿಚಿಹ್ನೆ ದೊರೆಯಿತು!

ಈ ಅರ್ಥ ಚಿತ್ರದಲ್ಲಿಲ್ಲ, ಬಳಸುವ ಬಳಗದಲ್ಲಿದೆ. ಪಾಗ್‌ಚಾಂಪ್ ಎಂಬ ಇನ್ನೊಂದು ಇಮೋಟ್ ಇದಕ್ಕೆ ಸಾಕ್ಷಿ. ಬೆರಗಿನಿಂದ ಬಾಯ್ದೆರೆದ ಆಟಗಾರನೊಬ್ಬನ ಮುಖವದು. ಭರತನು ಹೇಳಿದ ಸ್ಥಾಯಿಭಾವಗಳಲ್ಲಿ ವಿಸ್ಮಯಕ್ಕೆ ಸಲ್ಲತಕ್ಕದ್ದು. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಗುಂಪು ನುಗ್ಗಿತಷ್ಟೆ. ಆ ಆಟಗಾರನು ಮತ್ತಷ್ಟು ಹಿಂಸೆಗೆ ಪ್ರಚೋದನೆ ಕೊಡುವಂತೆ ಬರೆದನೆಂದು ಟ್ವಿಚ್ ಅವನ ಮುಖವನ್ನು ತೆಗೆದುಹಾಕಿತು. ಕೆಲಕಾಲ ದಿನಕ್ಕೊಂದು ಮುಖ ಆ ಸ್ಥಾನದಲ್ಲಿ ಬಂದುಹೋಯಿತು. ಫೆಬ್ರವರಿಯಲ್ಲಿ ಬಳಗದ ಮತದಂತೆ ಕೊಮೊಡೊ ಉಡದ ಮುಖ ನೆಲೆಗೊಂಡಿತು. ಮನುಷ್ಯನು ಹೋಗಿ ಉಡ ಬಂದರೂ ವಿಸ್ಮಯವು ವಿಸ್ಮಯವಾಗಿಯೇ ಉಳಿಯಿತು. ಶಬ್ದಾರ್ಥಗಳ ಸಂಬಂಧ ರೂಢಿಯಿಂದ ಬರುವುದೆಂದು ನಾವು ಬೋಧಿಸುತ್ತ ಬಂದಿರುವುದು ಇದನ್ನೇ ಅಲ್ಲವೆ? ಆದುದರಿಂದ ಇಮೋಟನ್ನು ಭಾಷೆಯ ಅವನತಿಯೆಂದು ಹಳಿಯುವವರೊಡನೆ ನಾನು ಸೇರಲಾರೆ.

ನನ್ನ ಅಂಜಿಕೆ ಬೇರೆ. ಟ್ರೈಹಾರ್ಡ್ ಎಂಬ ಇಮೋಟ್ ಆಫ್ರಿಕನ್ ಮೂಲದ ಆಟಗಾರನೊಬ್ಬನ ನಗುಮುಖ. ಆ ಜನಾಂಗದವರಾರಾದರೂ ಪರದೆಯ ಮೇಲೆ ಕಂಡೊಡನೆ ಅದನ್ನು ಸುರಿದು ಹಂಗಿಸುವುದು ಹಲವರಿಗೆ ಆಟವಾಯಿತು. 2016ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆದ ಹಾರ್ತ್‌ಸ್ಟೋನ್ ಪಂದ್ಯಾವಳಿಯಲ್ಲಿ ಅದೇ ಜನಾಂಗದ ಆಟಗಾರನೊಬ್ಬನು ಅಂತಿಮ ಪಂದ್ಯದವರೆಗೂ ಗೆದ್ದುಬಂದಾಗ, ಅವನ ಆಟದ ಪಕ್ಕದಲ್ಲಿಯೇ ಜನಾಂಗನಿಂದನೆ ಹರಿಯಿತು. ಬೈಗುಳನ್ನು ಗುರುತಿಸಿ ಅಳಿಸಬಹುದು. ನಗುಮುಖವನ್ನು ಏನೆಂದು ಅಳಿಸುವುದು? ಕಾಕುವಿನ ಬಲವೂ ಅಪಾಯವೂ ಇಲ್ಲಿಯೇ ಇವೆ. ಅದರಲ್ಲಿ ಪದಗಳು ಶುಚಿಯಾಗಿಯೇ ಇರುತ್ತವೆ. ನಂಜು ಇರುವುದು ಆಡುವವನಲ್ಲಿ. ಕೇಳಿದರೆ, “ನಾನೇನೆಂದೆ? ನಕ್ಕೆನಷ್ಟೆ” ಎಂದು ಜಾರಿಕೊಳ್ಳಬಹುದು. ಸಾವಿರ ಮಂದಿ ಒಟ್ಟಿಗೆ ನಕ್ಕಾಗ ಹೊಣೆ ಯಾರೊಬ್ಬರದೂ ಅಲ್ಲ.

ಸಮಾನ ಹೃದಯವುಳ್ಳವನು ಸಹೃದಯನೆನ್ನುತ್ತೇವೆ. ಸಾವಿರ ಪ್ರೇಕ್ಷಕರು ಒಂದೇ ಕ್ಷಣದಲ್ಲಿ ಒಂದೇ ಭಾವವನ್ನು ತಾಳುವುದು ಕವಿ ಹಂಬಲಿಸುವ ಭಾಗ್ಯ. ಆದರೆ ಗುಂಪಿಗೂ ಒಂದೇ ಭಾವವಿರುತ್ತದೆ. ಸಹೃದಯನಾದವನು ಪರದೆಯ ಮೇಲೆ ಕುಳಿತವನ ಹೃದಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಗುಂಪು ಅವನೊಬ್ಬನನ್ನು ಬಿಟ್ಟು ಒಂದಾಗುತ್ತದೆ. ಆ ವಿದ್ಯಾರ್ಥಿಗೆ ನಾನು ಇಮೋಟ್ ಬಳಸಬೇಡವೆಂದು ಹೇಳಲಿಲ್ಲ. “ಕಳುಹಿಸುವ ಮುನ್ನ, ಇದನ್ನು ಅವನ ಎದುರಿಗೆ ನಿಂತು ನಿನ್ನ ಸ್ವಂತ ಮುಖದಲ್ಲಿ ತೋರಿಸಬಲ್ಲೆಯಾ ಎಂದು ಕೇಳಿಕೋ” ಎಂದೆ. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.