ಸಸ್ಯಜನ್ಯವೆಂದರೆ ನಿರಪಾಯವೇ?



ಕೆಲವು ತಿಂಗಳ ಹಿಂದೆ ಜೆ.ಪಿ. ನಗರದ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಬಂದರು. ಹಣೆ, ಕಿವಿ, ಕಣ್ಣಿನ ರೆಪ್ಪೆಗಳೆಲ್ಲ ಊದಿಕೊಂಡು ನೀರೊಸರುತ್ತಿದ್ದವು. ಮಗಳ ಮದುವೆಗೆಂದು ತಲೆಗೆ ಹಚ್ಚಿಕೊಂಡ ಕಪ್ಪು ಮೆಹಂದಿಯೇ ಕಾರಣ. ‘ಗಿಡಮೂಲಿಕೆಯದಾದರೆ ಏನೂ ಆಗದೆಂದು ನೀವೇ ಹೇಳಿದ್ದಿರಲ್ಲ ಡಾಕ್ಟರೇ’ ಎಂದರು. ಹೌದು, ಹೇಳಿದ್ದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಮದರಂಗಿಯ ಸಹಜ ಬಣ್ಣ ಕೆಂಪು. ಕಪ್ಪಾಗಿಸಲು ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಆದರೆ ದೋಷವನ್ನೆಲ್ಲ ರಾಸಾಯನಿಕದ ಮೇಲೆಯೇ ಹೊರಿಸಲಾಗದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಭಲ್ಲಾತಕದ ರಸ ತಗುಲಿದರೆ ಚರ್ಮ ಬೊಬ್ಬೆಯೇಳುತ್ತದೆ. ಶೋಧನೆಯಿಲ್ಲದೆ ಅದನ್ನು ಬಳಸಬಾರದೆಂದು ಆಯುರ್ವೇದವೇ ವಿಧಿಸಿದೆ. ನಮ್ಮ ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡವೂ ಅನೇಕರಿಗೆ ಚರ್ಮರೋಗ ತಂದಿದೆ.

ಇಂತಹ ವಸ್ತು ಮೊದಲು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಳಿಕ ಚರ್ಮದ ಕೋಶಗಳು ಎಚ್ಚರಗೊಳ್ಳುತ್ತವೆ. ಕಾವಲುಕೋಶಗಳು ಆ ಸುದ್ದಿಯನ್ನು ದುಗ್ಧಗ್ರಂಥಿಗೆ ಒಯ್ಯುತ್ತವೆ. ಹಿಂದೆ ಇದನ್ನರಿಯಲು ಗಿನಿಯಿಲಿಗಳ ಚರ್ಮಕ್ಕೂ ಸಣ್ಣ ಇಲಿಗಳ ಕಿವಿಗೂ ಪದಾರ್ಥವನ್ನು ಲೇಪಿಸುತ್ತಿದ್ದರು. ಇಂದು ಈ ಮೂರು ಹಂತಗಳನ್ನೂ ಪ್ರಯೋಗಶಾಲೆಯ ಪ್ರೋಟೀನ್ ತುಣುಕುಗಳಲ್ಲಿ ಮತ್ತು ಅಲ್ಲಿಯೇ ಬೆಳೆಸಿದ ಮಾನವಕೋಶಗಳಲ್ಲಿ ಪರೀಕ್ಷಿಸಬಹುದು. ಒಂದೇ ಪರೀಕ್ಷೆ ಸಾಲದು. ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ನಿರ್ಣಯಿಸಬಹುದೆಂಬ ಕ್ರಮವನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2021ರಲ್ಲಿ ಅಂಗೀಕರಿಸಿತು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿಯೇ ನಿಷೇಧಿಸಿದೆ.

ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಪರಂಪರೆಯ ನಮಗೆ ಇದು ಸಂತಸದ ಸಂಗತಿ. ಆದರೆ ಪ್ರಾಣಿಯನ್ನು ಬಿಟ್ಟೆವೆಂದು ಪರೀಕ್ಷೆಯನ್ನೇ ಬಿಟ್ಟರೆ, ಆ ಗಿನಿಯಿಲಿಯ ಸ್ಥಾನದಲ್ಲಿ ನಮ್ಮ ಮನೆಯ ತಾಯಂದಿರನ್ನು ನಿಲ್ಲಿಸಿದಂತಾಗುತ್ತದೆ. ‘ಆಯುರ್ವೇದ’ವೆಂಬ ಹೆಸರಿನಲ್ಲಿ ಲೇಪ, ತೈಲ, ಕೇಶವರ್ಣಗಳನ್ನು ಮಾರುವವರೂ ಈ ಪರೀಕ್ಷೆಗಳಿಗೆ ಒಳಪಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಲವು ಮೂಲಿಕೆಗಳು ಕೂಡಿದ ಲೇಪವನ್ನು ಹೀಗೆ ಪರೀಕ್ಷಿಸುವುದು ಸುಲಭವಲ್ಲ, ನಿಜ. ಅದರಲ್ಲಿ ಬೆರೆತ ಬಣ್ಣ, ಸುಗಂಧ, ಸಂರಕ್ಷಕಗಳನ್ನಾದರೂ ಒಂದೊಂದಾಗಿ ಪರೀಕ್ಷಿಸಿ, ಹೆಸರುಗಳನ್ನು ಪೊಟ್ಟಣದ ಮೇಲೆ ಮುದ್ರಿಸಲಿ.

ಅಲ್ಲಿಯವರೆಗೆ, ಹೊಸ ಕೇಶವರ್ಣವನ್ನು ಬಳಸುವ ಮುನ್ನ ಪೊಟ್ಟಣದ ಸೂಚನೆಯಂತೆ ಸ್ವಲ್ಪವನ್ನು ಚರ್ಮಕ್ಕೆ ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಕೆಂಪು ಕಂಡರೆ ಬಳಸದಿರಿ. ಹಿಂದೊಮ್ಮೆ ತೊಂದರೆಯಾಗಿದ್ದರೆ ಆ ಪರೀಕ್ಷೆಯೂ ಬೇಡ, ವೈದ್ಯರನ್ನು ಕಾಣಿರಿ. ಆ ತಾಯಿಗೆ ನಾನು ಅಂದು ಹೇಳಬೇಕಾಗಿದ್ದುದು ಇಷ್ಟೇ.