ಬೇಲಿಯೇ ಹೊಲ ಮೇಯ್ದರೆ ಗಿರಾಕಿ ಏನು ಮಾಡಬೇಕು?

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಸುದ್ದಿ ಓದುವವರ ಗೋಳು ಒಂದೇ. ಸುದ್ದಿ ನಾಲ್ಕು ಸಾಲು, ಜಾಹೀರಾತು ಹದಿನಾಲ್ಕು. ಮುಚ್ಚೋಣ ಅಂತ ಒತ್ತಿದರೆ ಇನ್ನೊಂದು ಬಾಯಿ ತೆರೆಯುತ್ತದೆ. 'ಫೋನಿಗೆ ವೈರಸ್ ಬಂದಿದೆ' ಎಂದು ಹೆದರಿಸುವ ಮೋಸದ ಜಾಹೀರಾತೂ ಇದೇ ದಾರಿಯಲ್ಲಿ ನುಗ್ಗುತ್ತದೆ. ಇವೆಲ್ಲ ನುಂಗುವ ಡೇಟಾ ಮಾತ್ರ ಪ್ರಯಾಣಿಕನ ದುಡ್ಡಿನದು!

ತಡೆಯಬೇಕಾದದ್ದು ಬ್ರೌಸರ್. ಆದರೆ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಬಂದು ಕೂತಿರುವುದು ಸಾಮಾನ್ಯವಾಗಿ ಗೂಗಲ್ಲಿನ ಕ್ರೋಮ್. ಹೀಗೆ ತನ್ನ ಸರಕನ್ನೇ ಫೋನಿಗೆ ತುಂಬಿಸುವ ಷರತ್ತುಗಳೂ ಸೇರಿದ ಪ್ರಕರಣದಲ್ಲಿ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು.

ಗೂಗಲ್ಲಿನ ಮಾತೃ ಕಂಪನಿಯ 2024ರ ವರಮಾನದಲ್ಲಿ ಸುಮಾರು ಮುಕ್ಕಾಲು ಪಾಲು ಜಾಹೀರಾತಿನದೇ. ಅಂಥವರು ಜಾಹೀರಾತಿಗೆ ಬಾಗಿಲು ಹಾಕ್ತಾರೆಯೇ? ಕಂಪ್ಯೂಟರಿನ ಕ್ರೋಮ್‌ನಲ್ಲಿ ಜನ ನೆಚ್ಚಿದ್ದ ತಡೆಗೋಡೆ 'ಯೂಬ್ಲಾಕ್ ಒರಿಜಿನ್' 2025ರಲ್ಲಿ ಕೆಲಸ ನಿಲ್ಲಿಸಿತು. ಅದರ 'ಲೈಟ್' ಎಂಬ ಸಣ್ಣ ತಮ್ಮ ಮಾತ್ರ ಉಳಿದಿದ್ದಾನೆ. ಇದೆಲ್ಲ ಸುರಕ್ಷತೆಗಾಗಿ ಎಂಬುದು ಗೂಗಲ್ಲಿನ ಸಮಜಾಯಿಷಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ವಿರೋಧಿಗಳ ಮಾತು.

ಬೇರೆ ಅಂಗಡಿಗಳಿಲ್ಲವೇ? ಇವೆ. ಬ್ರೇವ್ ಹುಟ್ಟಿದ್ದೇ ಜಾಹೀರಾತು ತಡೆಯಲು. ಒಪೇರಾ 2016ರಲ್ಲಿ, ವಿವಾಲ್ಡಿ 2020ರಲ್ಲಿ ತಡೆಯನ್ನು ಒಳಗೇ ಕೂಡಿಸಿದವು. ಫೋನಿನ ಫೈರ್‌ಫಾಕ್ಸ್‌ಗೆ ಯೂಬ್ಲಾಕ್ ಒರಿಜಿನ್ ಸೇರಿಸಿಕೊಳ್ಳಬಹುದು. ಎಲ್ಲವೂ ಪುಕ್ಕಟೆ.

ಪುಕ್ಕಟೆ ಎಂದೊಡನೆ ವ್ಯಾಪಾರಿ ಕೇಳುವುದು ಒಂದೇ ಪ್ರಶ್ನೆ: ಇವರ ಹೊಟ್ಟೆಪಾಡು ಯಾವುದರಿಂದ? ಬ್ರೇವ್ ತನ್ನದೇ ಜಾಹೀರಾತು ಮಾರುತ್ತದೆ. ಗಿರಾಕಿ ಟೈಪಿಸಿದ ವಿಳಾಸಕ್ಕೆ ತನ್ನ ಕಮಿಷನ್ ಗುರುತನ್ನು ಸದ್ದಿಲ್ಲದೆ ಅಂಟಿಸಿ 2020ರಲ್ಲಿ ಸಿಕ್ಕಿಬಿದ್ದಿತ್ತು. ಆಮೇಲೆ ತಪ್ಪೊಪ್ಪಿಕೊಂಡು ತೆಗೆದುಹಾಕಿತು. ಫೈರ್‌ಫಾಕ್ಸ್‌ನ ಮೊಜಿಲ್ಲಾಗೆ ಬರುವ ಹಣದ ದೊಡ್ಡ ಪಾಲು ಗೂಗಲ್ಲಿನದೇ! ಪೂರ್ತಿ ಮಡಿವಂತರು ಈ ಪೇಟೆಯಲ್ಲಿ ಯಾರೂ ಇಲ್ಲ. ಆದರೂ ಜಾಹೀರಾತನ್ನು ತಡೆಯುವವನಿಗೂ ತಡೆಯದವನಿಗೂ ವ್ಯತ್ಯಾಸ ಇದ್ದೇ ಇದೆ.

ಇನ್ನೊಂದು ಮಾತು. ಊರ ಸುದ್ದಿ ಕೊಡುವ ಸಣ್ಣ ಕನ್ನಡ ತಾಣಗಳೂ ಜಾಹೀರಾತಿನ ಅನ್ನವನ್ನೇ ಉಣ್ಣುತ್ತವೆ, ಸಂಜೆ ಪತ್ರಿಕೆಗಳ ಹಾಗೆಯೇ. ಎಲ್ಲಕ್ಕೂ ಬೀಗ ಜಡಿದರೆ ಮೊದಲು ಸೊರಗುವುದು ಗೂಗಲ್ ಅಲ್ಲ, ಇವು. ಅದಕ್ಕೂ ದಾರಿಯಿದೆ: ಬ್ರೇವ್‌ನಲ್ಲಿ ವಿಳಾಸದ ಪಕ್ಕದ ಸಿಂಹದ ಗುರುತು ಒತ್ತಿದರೆ ಆ ಒಂದು ತಾಣಕ್ಕೆ ಮಾತ್ರ ತಡೆ ತೆಗೆಯಬಹುದು.

ಬಾಗಿಲು ಇರಲಿ, ಚಿಲಕವೂ ಇರಲಿ. ಚಿಲಕ ಮಾತ್ರ ಮನೆಯವರ ಕೈಲಿರಬೇಕು, ಮಾರಲು ಬಂದವನ ಕೈಲಲ್ಲ.